ಕ್ರೀಡೆಯೂ ಸ್ವತ್ವವೂ

ಹಣವನ್ನು ಕೊಟ್ಟು ವಸ್ತುವನ್ನು ಕೊಂಡವನು ಆ ವಸ್ತುವಿಗೆ ಒಡೆಯನಾಗುವನೆಂಬುದು ಶಾಸ್ತ್ರವನ್ನೋದದವರೂ ಬಲ್ಲ ಸಂಗತಿಯಾಗಿದೆ. ಸಂತೆಯಲ್ಲಿ ಮಡಕೆಯನ್ನು ಕೊಂಡ ಮುದುಕಿಯು ಅದರಲ್ಲಿ ನೀರು ತುಂಬಲಿ, ಸೊಸೆಗೆ ಕೊಡಲಿ, ಕೋಪ ಬಂದಾಗ ನೆಲಕ್ಕಪ್ಪಳಿಸಲಿ, ಕುಂಬಾರನು ಬಂದು ಕೇಳುವಂತಿಲ್ಲ. ಹತ್ತು ವರ್ಷಗಳಾದ ಮೇಲೆ ಕುಂಬಾರನು ಕಸುಬನ್ನು ಬಿಟ್ಟು ಬೇರೂರಿಗೆ ಹೋದನೆಂಬ ಕಾರಣದಿಂದ ಆ ಮಡಕೆಯು ಅವಳ ಅಡಿಗೆಯ ಮನೆಯಿಂದ ಮಾಯವಾಗುವುದೂ ಇಲ್ಲ. ಇಷ್ಟು ಸ್ಪಷ್ಟವಾದ ವಿಷಯದಲ್ಲಿ ಜಿಜ್ಞಾಸೆಗೆ ಎಡೆಯೆಲ್ಲಿ ಎಂದು ಕೇಳಬಹುದು. ಎಡೆಯುಂಟು, ಈಗ ಅದನ್ನು ಒದಗಿಸಿರುವವರು ಧರ್ಮಶಾಸ್ತ್ರಿಗಳಲ್ಲ, ವಿಡಿಯೋ ಆಟಗಳ ವರ್ತಕರು.

ಈ ಆಟಗಳ ಹೆಸರನ್ನೆತ್ತಿದೊಡನೆಯೇ ಹಿರಿಯರಾದ ಗೃಹಸ್ಥರು ಮುಖವನ್ನು ಬೇರೆಡೆಗೆ ತಿರುಗಿಸುವುದುಂಟು. ಹುಡುಗರ ಕಾಲಹರಣದ ಸಾಧನವಲ್ಲದೆ ಅದರಲ್ಲಿ ವಿಚಾರಿಸತಕ್ಕದ್ದೇನಿದೆ ಎಂಬುದು ಅವರ ಅಭಿಪ್ರಾಯ. ಆದರೆ ನೋಡದೆ ನಿಂದಿಸುವುದು ನ್ಯಾಯವಲ್ಲ. ಜಪಾನಿನ ನಿಂಟೆಂಡೊ ಸಂಸ್ಥೆಯವರು 2017ರಲ್ಲಿ ಹೊರತಂದ ಜೆಲ್ಡಾ ಮಾಲೆಯ ಆಟವೊಂದರಲ್ಲಿ, ದೀರ್ಘನಿದ್ರೆಯಿಂದೆದ್ದ ನಾಯಕನು ಗುಹೆಯೊಳಗಿಂದ ಹೊರಬಂದು ಬಂಡೆಯ ತುದಿಯಲ್ಲಿ ನಿಲ್ಲುತ್ತಾನೆ. ಕಣ್ಣಿಗೆಟುಕುವಷ್ಟು ದೂರವೂ ಕಾಡು, ಹುಲ್ಲುಗಾವಲು, ಹಾಳುಬಿದ್ದ ಅರಮನೆ, ಹೊಗೆಯುಗುಳುವ ಬೆಟ್ಟ. ಅಲ್ಲಿ ಕಾಣುವ ಶಿಖರವು ನಾಟಕದ ಪರದೆಯ ಮೇಲಿನ ಚಿತ್ರವಲ್ಲ. ಆಟಗಾರನು ನಡೆದು ಹೋಗಿ ಅದನ್ನು ಹತ್ತಬಹುದು. ಅರ್ಧ ಹತ್ತಿದಾಗ ಮಳೆ ಬಂದರೆ ಬಂಡೆಯು ಜಾರುತ್ತದೆ, ಹತ್ತುವವನೂ ಜಾರುತ್ತಾನೆ. ಮಳೆ ನಿಲ್ಲುವವರೆಗೆ ಬಂಡೆಯ ಮರೆಯಲ್ಲಿ ಕಾದು ಕೂತಿರಬೇಕು. ಕಾಯುವುದನ್ನು ಕೂಡ ರಸವನ್ನಾಗಿ ಮಾಡಿದ ಶಿಲ್ಪಿಗಳನ್ನು ಅಲ್ಪರೆಂದು ಹೇಳಲಾಗದು. ಇಂಥ ಒಂದೊಂದು ಆಟಕ್ಕೆ ನೂರು, ಇನ್ನೂರು ಗಂಟೆಗಳ ಕಾಲವನ್ನು ಕೊಟ್ಟವರು ಎಷ್ಟೋ ಮಂದಿ. ಒಬ್ಬ ಮನುಷ್ಯನು ತನ್ನ ಆಯುಷ್ಯದ ಇನ್ನೂರು ಗಂಟೆಗಳನ್ನು ಎಲ್ಲಿ ಇಟ್ಟನೋ ಅಲ್ಲಿ ಅವನ ಪಾಲಿನದೊಂದು ಇದೆಯೆಂದೇ ತಿಳಿಯತಕ್ಕದ್ದು.

ಇಂಥ ಆಟಗಾರನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡರೆ ವಿಷಯವು ಸುಲಭವಾಗಿ ತಿಳಿಯುತ್ತದೆ. ಬಾಲ್ಯದಲ್ಲಿ ಅವನ ಕೈಗೆ ಬಂದ ಆಟವು ಅಂಗೈಯಗಲದ ಪ್ಲಾಸ್ಟಿಕ್ಕಿನ ಕಾರ್ಟ್ರಿಜ್ ಆಗಿದ್ದಿತು. ಅದನ್ನು ಯಂತ್ರದಲ್ಲಿ ಸಿಕ್ಕಿಸಿದರೆ ಆಟ, ತೆಗೆದರೆ ಇಲ್ಲ. ಗೆಳೆಯನಿಗೆ ಎರವಲು ಕೊಟ್ಟರೆ ಗೆಳೆಯನ ಮನೆಯಲ್ಲಿ ಆಟ. ಅನಂತರ ಡಿಸ್ಕುಗಳು ಬಂದುವು, ವ್ಯವಸ್ಥೆ ಬದಲಾಗಲಿಲ್ಲ. ಈಗ ಅವನು ಆಟವನ್ನು ಕೊಳ್ಳುವುದು ಅಂಗಡಿಯ ಹಲಗೆಯಿಂದಲ್ಲ. ಯಂತ್ರದ ತೆರೆಯ ಮೇಲೆಯೇ ಅಂಗಡಿ ಇದೆ. 'ಕೊಳ್ಳಿರಿ' ಎಂಬ ಗುಂಡಿಯಿದೆ. ಒತ್ತಿದರೆ ಬ್ಯಾಂಕಿನ ಲೆಕ್ಕದಿಂದ ಹಣವು ಹೋಗುತ್ತದೆ, ಆಟವು ಅಂತರ್ಜಾಲದ ಮೂಲಕ ಇಳಿದು ಬರುತ್ತದೆ. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 5 ಎಂಬ ಯಂತ್ರವು 2020ರಲ್ಲಿ ಹೊರಬಂದಾಗ ಅದರ ಒಂದು ಬಗೆಯಲ್ಲಿ ಡಿಸ್ಕನ್ನು ಹಾಕುವ ಬಾಯಿಯೇ ಇರಲಿಲ್ಲ. 2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2 ಯಂತ್ರದ ಕೆಲವು ಆಟಗಳು ಇನ್ನೂ ವಿಚಿತ್ರವಾದುವು. ಅವುಗಳ ಪೆಟ್ಟಿಗೆಯನ್ನು ತೆರೆದರೆ ಕಾರ್ಡು ಇರುತ್ತದೆ, ಕಾರ್ಡಿನಲ್ಲಿ ಆಟವಿರುವುದಿಲ್ಲ. ಅದು ಬರಿಯ ಬೀಗದ ಕೈ. ಆಟವನ್ನು ದೂರದ ಉಗ್ರಾಣದಿಂದ ತರಿಸಿಕೊಳ್ಳಬೇಕು. ಆ ಉಗ್ರಾಣವು ಇರುವವರೆಗೆ ಕೀಲಿಕೈಗೆ ಅರ್ಥ. ಆದರೂ ಅದನ್ನು ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು ಎಂಬಷ್ಟು ಗುಣವು ಅದರಲ್ಲಿ ಉಳಿದಿದೆಯೆಂಬುದನ್ನು ಮರೆಯಬಾರದು.

ಚಂದಾ ಪದ್ಧತಿಯು ಬೇರೆಯ ಜಾತಿಯದು. ಮೈಕ್ರೋಸಾಫ್ಟ್ ಸಂಸ್ಥೆಯು 2017ರಲ್ಲಿ ಆರಂಭಿಸಿದ ಗೇಮ್ ಪಾಸ್ ಎಂಬ ಸೇವೆಯಲ್ಲಿ ತಿಂಗಳ ಚಂದಾ ಕಟ್ಟಿದವನಿಗೆ ನೂರಾರು ಆಟಗಳು ತೆರೆದಿರುತ್ತವೆ. ಚಂದಾ ನಿಂತರೆ ಎಲ್ಲವೂ ಮುಚ್ಚುತ್ತವೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ವಾಚನಾಲಯಕ್ಕೆ ಚಂದಾ ಕೊಟ್ಟವನು ಅಲ್ಲಿಯ ಪುಸ್ತಕಗಳು ತನ್ನವೆಂದು ತಿಳಿಯುವುದಿಲ್ಲ. ಈ ಸೇವೆಯ ಮೇಲ್ತರಗತಿಯ ಚಂದಾವನ್ನು 2025ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ತಿಂಗಳಿಗೆ ಸುಮಾರು 20 ಡಾಲರಿನಿಂದ ಸುಮಾರು 30 ಡಾಲರಿಗೆ ಏರಿಸಿದಾಗ ಆಟಗಾರರು ಗೊಣಗಿದರು. ಬಾಡಿಗೆ ಏರಿದರೆ ಗೊಣಗುವುದು ಬಾಡಿಗೆದಾರನ ಸ್ವಭಾವ. ಬಾಡಿಗೆಯನ್ನು ಬಾಡಿಗೆಯೆಂದೇ ಹೇಳಿದ್ದರಿಂದ ಮೋಸವೆನ್ನಲಾಗದು. ಆಟಗಾರನಿಗೆ ಅಲ್ಲಿ ಆಗುವ ನಷ್ಟವು ಬೇರೆ: ನೂರು ಆಟಗಳು ಎದುರಿಗಿರುವಾಗ ಒಂದನ್ನು ಅರ್ಧ ಗಂಟೆ ಆಡಿ ಮತ್ತೊಂದಕ್ಕೆ ಹಾರುತ್ತಾನೆ, ಮಳೆ ನಿಲ್ಲುವವರೆಗೆ ಬಂಡೆಯ ಮರೆಯಲ್ಲಿ ಕೂರುವ ತಾಳ್ಮೆಯು ಅವನಲ್ಲಿ ಉಳಿಯುವುದಿಲ್ಲ. ಮದುವೆಯ ಮನೆಯಲ್ಲಿ ಎಲೆಯ ತುಂಬ ಬಡಿಸಿಕೊಂಡವನು ಎಲ್ಲವನ್ನೂ ಮುಟ್ಟಿ ಯಾವುದನ್ನೂ ಉಣ್ಣದೆ ಏಳುವಂತೆ. ಅದು ಅವನ ದೋಷ, ವರ್ತಕನದಲ್ಲ.

ಪ್ರಶ್ನೆಯಿರುವುದು 'ಕೊಳ್ಳಿರಿ' ಎಂಬ ಗುಂಡಿಯಲ್ಲಿ.

ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯು 2014ರ ಡಿಸೆಂಬರಿನಲ್ಲಿ 'ದಿ ಕ್ರೂ' ಎಂಬ ಮೋಟಾರು ಪಂದ್ಯದ ಆಟವನ್ನು ಮಾರಾಟಕ್ಕೆ ತಂದಿತು. ಅಮೆರಿಕ ದೇಶವನ್ನೇ ಚಿಕ್ಕದು ಮಾಡಿ ಅದರೊಳಗೆ ಇಟ್ಟಿದ್ದರು. ಪೂರ್ವ ಕರಾವಳಿಯ ನಗರಗಳಿಂದ ಹೊರಟು, ಬಯಲು, ಮರುಭೂಮಿ, ಹಿಮದ ಬೆಟ್ಟಗಳನ್ನು ದಾಟಿ ಪಶ್ಚಿಮ ಸಮುದ್ರವನ್ನು ಕಾಣುವವರೆಗೆ ಒಂದೇ ಓಟದಲ್ಲಿ ಕಾರನ್ನು ನಡೆಸಬಹುದಾಗಿತ್ತು. ಪಂದ್ಯದಲ್ಲಿ ಮನಸ್ಸಿಲ್ಲದವರು ಕೂಡ ಸುಮ್ಮನೆ ದಾರಿ ಹಿಡಿದು ಹೋಗುವುದಕ್ಕಾಗಿ ಅದನ್ನು ಆಡುತ್ತಿದ್ದರು. ಆದರೆ ಒಬ್ಬನೇ ಕೂತು ಆಡಿದರೂ ಆ ಆಟಕ್ಕೆ ಸಂಸ್ಥೆಯ ಸರ್ವರಿನ ಸಂಪರ್ಕವು ಬೇಕಾಗಿದ್ದಿತು. 2023ರ ಡಿಸೆಂಬರಿನಲ್ಲಿ ಮಾರಾಟವನ್ನು ನಿಲ್ಲಿಸಿದರು. 2024ರ ಮಾರ್ಚ್ 31ರಂದು ಸರ್ವರುಗಳನ್ನು ಮುಚ್ಚಿದರು. ಆ ದಿನದಿಂದ ಆಟವು ಯಾರಲ್ಲಿಯೂ ನಡೆಯದಾಯಿತು. ಮುಂದಿನ ತಿಂಗಳಲ್ಲಿ, ಕೊಂಡವರ ಖಾತೆಗಳಿಂದ ಆಟದ ಲೈಸೆನ್ಸನ್ನು ಕೂಡ ಹಿಂದಕ್ಕೆ ತೆಗೆದುಕೊಂಡರು. ಸರ್ವರುಗಳನ್ನು ನಡೆಸುವ ತೊಂದರೆ, ಕಾರು ಮೊದಲಾದುವುಗಳ ಪರವಾನಗಿಯ ನಿರ್ಬಂಧ ಎಂದು ಕಾರಣ ಕೊಟ್ಟರು. ಇತ್ತೀಚೆಗೆ ಕೊಂಡಿದ್ದ ಕೆಲವರಿಗೆ ಹಣವನ್ನು ಹಿಂದಿರುಗಿಸುವ ಏರ್ಪಾಡಿದ್ದಿತು. ಮೊದಲಿನವರಿಗೆ ಅದೂ ಇಲ್ಲ.

ಇಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಬೇಕು. ಆಟವೆಂಬುದು ವಸ್ತುವೇ ಅಲ್ಲ, ಅನುಭವ. ಬೆಳಗಿನವರೆಗೆ ಬಯಲಾಟ ನೋಡಿ ಮನೆಗೆ ಬಂದವನು 'ನಾನು ಕೊಟ್ಟ ಹಣಕ್ಕೆ ಆಟವೆಲ್ಲಿ?' ಎಂದು ಕೇಳುವುದಿಲ್ಲ. ನೋಡಿದ್ದೇ ಫಲ. ಹತ್ತು ವರ್ಷ ಆಡಿದವನು ಅನುಭವಿಸಬೇಕಾದುದನ್ನು ಅನುಭವಿಸಿಯಾಗಿದೆ. ಇನ್ನೂ ಅದು ತನ್ನ ಮನೆಯಲ್ಲಿಯೇ ಇರಬೇಕೆಂಬುದು ಪರಿಗ್ರಹದ ಆಸೆಯಲ್ಲದೆ ಮತ್ತೇನು? ಸರ್ವರನ್ನು ನಡೆಸಲು ಆಳು, ವಿದ್ಯುತ್ತು, ಹಣ ಬೇಕು. ಆಡುವವರು ವಿರಳವಾದ ಮೇಲೂ ಅಂತ್ಯಕಾಲದವರೆಗೆ ನಡೆಸಿಕೊಂಡು ಬರಬೇಕೆಂದು ವರ್ತಕನನ್ನು ಕಟ್ಟಿಹಾಕುವುದು ಯಾವ ನ್ಯಾಯ? ಇದಲ್ಲದೆ, ಕೊಳ್ಳುವಾಗ ಒಡಂಬಡಿಕೆಯ ಪತ್ರವನ್ನು ತೋರಿಸಿದ್ದಾರೆ, ಆಟಗಾರನು ಒಪ್ಪಿದ್ದಾನೆ. ಒಪ್ಪಿದ ಮಾತಿಗೆ ತಪ್ಪುವವನು ಅವನೇ.

ಈ ಮೂರರಲ್ಲಿ ಮೊದಲನೆಯದೇ ಬಲವಾದುದು. ಒಡಂಬಡಿಕೆಯ ಮಾತನ್ನು ಬೇಗನೆ ಮುಗಿಸಬಹುದು: ಓದಲಾಗದಷ್ಟು ಉದ್ದವಾಗಿ, ಅರ್ಥವಾಗದ ಭಾಷೆಯಲ್ಲಿ ಬರೆದು, ಒಪ್ಪದಿದ್ದರೆ ಹಣ ಕೊಟ್ಟ ಯಂತ್ರವೇ ನಿಷ್ಪ್ರಯೋಜಕವಾಗುವಂತೆ ಮಾಡಿದ ಮೇಲೆ ಪಡೆದ ಒಪ್ಪಿಗೆಯು ಹೆಸರಿಗೆ ಮಾತ್ರ ಒಪ್ಪಿಗೆ. ದೊಡ್ಡ ಅಕ್ಷರದಲ್ಲಿ 'ಕೊಳ್ಳಿರಿ' ಎಂದು, ಸಣ್ಣ ಅಕ್ಷರದಲ್ಲಿ 'ಇದು ಕೊಂಡದ್ದಲ್ಲ' ಎಂದು ಹೇಳುವವನು ಎರಡನೆಯ ಮಾತನ್ನು ಗ್ರಾಹಕನು ಓದಬಾರದೆಂದೇ ಬರೆದಿರುತ್ತಾನೆ. ಸರ್ವರಿನ ವೆಚ್ಚದ ಆಕ್ಷೇಪಣೆಯೂ ಅಷ್ಟು ದೂರ ಹೋಗದು. ಎಂದೆಂದಿಗೂ ಸರ್ವರನ್ನು ನಡೆಸಿರೆಂದು ಕೇಳುವವರು ಯಾರೂ ಇಲ್ಲ. ಬಿಟ್ಟುಹೋಗುವಾಗ ಆಟವು ತಾನಾಗಿ ನಿಲ್ಲಬಲ್ಲ ಹಾಗೆ ಮಾಡಿ ಹೋಗಿರೆಂದು ಮಾತ್ರ ಕೇಳುತ್ತಾರೆ. ಅದು ಅಸಾಧ್ಯವಲ್ಲವೆಂಬುದಕ್ಕೆ ಸಾಕ್ಷಿಯು ಆ ಸಂಸ್ಥೆಯದೇ: ಇಷ್ಟು ಗದ್ದಲವಾದ ಬಳಿಕ, ಅದೇ ಮಾಲೆಯ ಮುಂದಿನ ಆಟಗಳಿಗೆ ಸಂಪರ್ಕವಿಲ್ಲದೆ ಆಡುವ ಅನುಕೂಲವನ್ನು ಕಲ್ಪಿಸುವುದಾಗಿ 2024ರಲ್ಲಿ ಮಾತುಕೊಟ್ಟಿತು.

ಬಯಲಾಟದ ದೃಷ್ಟಾಂತಕ್ಕೆ ಬಂದರೆ, ಅದರಲ್ಲಿ ಸತ್ಯಾಂಶವುಂಟು, ಆದರೆ ಪೂರ್ಣಸತ್ಯವಿಲ್ಲ. ಬಯಲಾಟವು ಬೆಳಗಾದೊಡನೆ ಮುಗಿಯುವುದು ಅದರ ಸ್ವಭಾವದಿಂದ. ಕುಣಿಯುವವನ ಕಾಲು ದಣಿಯುತ್ತದೆ, ಎಣ್ಣೆ ತೀರುತ್ತದೆ, ಸೂರ್ಯನು ಹುಟ್ಟುತ್ತಾನೆ. ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಯಂತ್ರದೊಳಗಿನ ಆಟವು ಹಾಗಲ್ಲ. ಅದಕ್ಕೆ ದಣಿವಿಲ್ಲ. 1985ರ ಮಾರಿಯೋ ಆಟದ ಹಳೆಯ ಕಾರ್ಟ್ರಿಜ್ ಕೆಡದೆ ಉಳಿದಿದ್ದರೆ ಅದು ಮೊದಲ ದಿನದಂತೆಯೇ ಇಂದೂ ಆಡುತ್ತದೆ. ಹಾಗಿರುವಲ್ಲಿ ಆಟವು ಮುಗಿದುದು ಸ್ವಭಾವದಿಂದಲ್ಲ, ಮತ್ತೊಬ್ಬನ ಇಚ್ಛೆಯಿಂದ. ಮುಪ್ಪಿನಿಂದ ಬಂದ ಮರಣಕ್ಕೂ ಬೇರೆ ಬಗೆಯ ಮರಣಕ್ಕೂ ಇರುವ ಅಂತರವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಪೂರ್ವಪಕ್ಷಿಯು ಬಿಡಲಾರನು. 'ಹತ್ತು ವರ್ಷ ಯಥೇಷ್ಟವಾಗಿ ಆಡಿದನಲ್ಲವೆ? ಸ್ವತ್ವವೆಂದರೆ ಯಥೇಷ್ಟವಾಗಿ ವಿನಿಯೋಗಿಸುವ ಯೋಗ್ಯತೆಯೇ ಅಲ್ಲವೆ? ಆ ಯೋಗ್ಯತೆಯು ಅವನಿಗಿದ್ದಿತು, ಇನ್ನೇನು ಬೇಕು?' ಎನ್ನುತ್ತಾನೆ. ಈ ಪ್ರಶ್ನೆಯು ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ನವದ್ವೀಪದ ರಘುನಾಥ ಶಿರೋಮಣಿಯು ಪದಾರ್ಥಗಳನ್ನು ಮರಳಿ ಪರೀಕ್ಷಿಸುತ್ತ, ಸ್ವತ್ವವನ್ನು ಬರಿಯ ವಿನಿಯೋಗಯೋಗ್ಯತೆಗೆ ಇಳಿಸುವುದನ್ನು ಒಪ್ಪದೆ ಹೋದನು. ಪರರ ಅನ್ನವನ್ನೂ ಉಣ್ಣಬಹುದು. ಉಣ್ಣುವುದರಿಂದ ಅದು ಉಂಡವನದಾಗದು. ಪರರದನ್ನು ಉಣ್ಣಬಾರದೆಂಬ ಶಾಸ್ತ್ರವಿದೆಯೆಂದರೆ, 'ಪರರದು' ಎಂಬುದನ್ನು ತಿಳಿಯಲು ಸ್ವತ್ವವನ್ನು ಮೊದಲೇ ತಿಳಿದಿರಬೇಕು. ಆದುದರಿಂದ ಸ್ವತ್ವವು ಬೇರೆಯೇ ಒಂದು ಪದಾರ್ಥವೆಂದು ಆ ತಾರ್ಕಿಕನು ನಿರ್ಣಯಿಸಿದನು. ತರ್ಕದ ಈ ಸೂಕ್ಷ್ಮವು ಆಟಗಾರನ ಪ್ರಕರಣಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಯೆಂದರೆ, ಪ್ಲೇಸ್ಟೇಷನ್ನನ್ನು ನೋಡಿಯೇ ಹೇಳಿದನೋ ಎನ್ನಿಸುತ್ತದೆ. ಹತ್ತು ವರ್ಷ ಉಂಡ ಅತಿಥಿಯೂ ಅತಿಥಿಯೇ, ಮನೆಯವನಲ್ಲ. ಆಡಿದ್ದು ಹೌದು. ಆದರೆ ಆಟಗಾರನು ತಾನು ಅತಿಥಿಯೆಂದು ತಿಳಿದಿರಲಿಲ್ಲ, ಮನೆಯನ್ನು ಕೊಂಡೆನೆಂದೇ ತಿಳಿದಿದ್ದನು. ಹಾಗೆ ತಿಳಿಯುವಂತೆ ಅವನಿಗೆ ಹೇಳಲಾಗಿತ್ತು.

ಒಬ್ಬನಿಗೆ ವಸ್ತುವಿನಲ್ಲಿ ಸ್ವತ್ವವಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ದಾನದಂಥ ಒರೆಗಲ್ಲು ಇಲ್ಲ. ತನ್ನ ಸ್ವತ್ವವನ್ನು ಬಿಟ್ಟು ಪರನ ಸ್ವತ್ವವನ್ನುಂಟುಮಾಡುವುದೇ ದಾನವಷ್ಟೆ; ತನ್ನದಲ್ಲದ್ದನ್ನು ಕೊಡಲು ಯಾರಿಗೂ ಬಾರದು. 2013ರ ಜೂನಿನಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಎಕ್ಸ್‌ಬಾಕ್ಸ್ ಒನ್ ಯಂತ್ರದಲ್ಲಿ ಡಿಸ್ಕನ್ನು ಎರವಲು ಕೊಡುವುದಕ್ಕೂ ಮರುಮಾರಾಟಕ್ಕೂ ನಿರ್ಬಂಧಗಳನ್ನು ಹಾಕಹೊರಟಾಗ, ಪ್ರತಿಸ್ಪರ್ಧಿಯಾದ ಸೋನಿಯವರು ಕೆಲವೇ ಸೆಕೆಂಡುಗಳ ಚಿತ್ರವೊಂದನ್ನು ಪ್ರಕಟಿಸಿದರು: ಆಟವನ್ನು ಗೆಳೆಯನಿಗೆ ಕೊಡುವ ವಿಧಾನ. ಒಬ್ಬನು ಡಿಸ್ಕಿನ ಪೆಟ್ಟಿಗೆಯನ್ನು ನೀಡುತ್ತಾನೆ, ಮತ್ತೊಬ್ಬನು ತೆಗೆದುಕೊಳ್ಳುತ್ತಾನೆ. ಅಷ್ಟೇ. ಜನರು ನಕ್ಕರು, ಮೈಕ್ರೋಸಾಫ್ಟಿನವರು ಅದೇ ತಿಂಗಳಲ್ಲಿ ಆ ನಿರ್ಬಂಧಗಳನ್ನು ಕೈಬಿಟ್ಟರು. ದಾನಲಕ್ಷಣವನ್ನು ಇಷ್ಟು ಸಂಕ್ಷೇಪವಾಗಿ ಯಾವ ವ್ಯಾಖ್ಯಾನಕಾರನೂ ವಿವರಿಸಿರಲಾರನು. ಹತ್ತು ವರ್ಷಗಳಾದ ಮೇಲೆ, 2023ರ ಡಿಸೆಂಬರಿನಲ್ಲಿ, ಅದೇ ಸೋನಿಯವರು ತಮ್ಮ ಅಂಗಡಿಯಲ್ಲಿ ಜನರು ಹಣ ಕೊಟ್ಟು ಕೊಂಡಿದ್ದ ಡಿಸ್ಕವರಿ ಸಂಸ್ಥೆಯ ಕಾರ್ಯಕ್ರಮಗಳನ್ನು ಅವರ ಖಾತೆಗಳಿಂದ ತೆಗೆದುಹಾಕುವುದಾಗಿ ತಿಳಿಸಿದರು. ಕೂಗೆದ್ದ ಮೇಲೆ ಆ ತಿಂಗಳೊಳಗಾಗಿಯೇ ನಿರ್ಧಾರವನ್ನು ಹಿಂತೆಗೆದುಕೊಂಡರು. ಹಿಂತೆಗೆದುಕೊಂಡುದು ಸಂತೋಷವೇ. ಆದರೆ ಉಳಿಸುವುದೂ ಅಳಿಸುವುದೂ ಯಾರ ಕೈಯಲ್ಲಿದೆಯೆಂಬುದು ಎರಡು ಪ್ರಕಟಣೆಗಳಿಂದಲೂ ಸಮನಾಗಿ ತಿಳಿದುಬಂದಿತು.

ಪುಸ್ತಕಗಳೂ ಈ ಗತಿಯಿಂದ ತಪ್ಪಿಸಿಕೊಂಡಿಲ್ಲ. 2009ರ ಜುಲೈಯಲ್ಲಿ ಅಮೆಜಾನಿನವರು ತಮ್ಮ ಕಿಂಡಲ್ ಯಂತ್ರಗಳಲ್ಲಿ ಓದುಗರು ಕೊಂಡಿದ್ದ ಜಾರ್ಜ್ ಆರ್ವೆಲನ ಕಾದಂಬರಿಗಳ ಕೆಲವು ಪ್ರತಿಗಳನ್ನು, ಮಾರಿದವನಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ದೂರದಿಂದಲೇ ಅಳಿಸಿ ಹಣವನ್ನು ಹಿಂದಿರುಗಿಸಿದರು. ಸಂಸ್ಥೆಯ ಮುಖ್ಯರು ಆಮೇಲೆ ಕ್ಷಮೆಯನ್ನೂ ಕೇಳಿದರು. ಹಣ ಬಂದಿತು, ಕ್ಷಮೆಯೂ ಬಂದಿತು. ರಾತ್ರಿಯಲ್ಲಿ ಮನೆಯೊಳಗೆ ಬಂದು ಕಪಾಟನ್ನು ತೆರೆದವರು ಹೋಗುವಾಗ ಮೇಜಿನ ಮೇಲೆ ಹಣವಿಟ್ಟು ಹೋದರೆ ಗೃಹಸ್ಥನಿಗೆ ಸಮಾಧಾನವಾಗುವುದೆ?

ಈ ಸಂದರ್ಭದಲ್ಲಿ ಕನ್ನಡನಾಡಿನವರು ತಮ್ಮವನೇ ಆದ ಒಬ್ಬ ಮಹನೀಯನನ್ನು ನೆನೆಯುವುದು ಯುಕ್ತವಾಗಿದೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯ ದಾಯವಿಭಾಗದಲ್ಲಿ, ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ ಲೋಕದಿಂದಲೇ ಸಿದ್ಧವಾದುದೋ ಎಂಬ ಪ್ರಶ್ನೆಯನ್ನೆತ್ತಿ, ಅದು ಲೌಕಿಕವೆಂದು ಸಾಧಿಸಿದನು. ಶಾಸ್ತ್ರದ ಹೆಸರನ್ನೇ ಕೇಳದ ಗಡಿನಾಡುಗಳ ಜನರಲ್ಲಿಯೂ ಕ್ರಯವಿಕ್ರಯಗಳು ಕಂಡುಬರುತ್ತವೆ. ಆದುದರಿಂದ 'ಇದು ನನ್ನದು' ಎಂಬ ವ್ಯವಹಾರಕ್ಕೆ ಲೋಕವೇ ಪ್ರಮಾಣ ಎಂಬುದು ಅವನ ಯುಕ್ತಿಗಳಲ್ಲೊಂದು. ಈ ಯುಕ್ತಿಯು ಇಂದಿನ ವಿವಾದದಲ್ಲಿ ಆಟಗಾರನ ಪಕ್ಷಕ್ಕೆ ಸಹಾಯವಾಗುತ್ತದೆ. ಕೊಳ್ಳುವುದೆಂದರೇನೆಂಬುದನ್ನು ವರ್ತಕನ ಒಡಂಬಡಿಕೆಯ ಪತ್ರವು ಹೊಸದಾಗಿ ಹುಟ್ಟಿಸಲಾರದು. ಆ ಪದಕ್ಕೆ ಲೋಕವು ಅರ್ಥವನ್ನು ಮೊದಲೇ ಕೊಟ್ಟಿದೆ. ಲೋಕದ ಪದವನ್ನು ಎತ್ತಿಕೊಂಡು ಅದರ ಬೆಲೆಯನ್ನು ವಸೂಲು ಮಾಡಿದ ಮೇಲೆ, ಅರ್ಥ ಮಾತ್ರ ನಮ್ಮ ಪತ್ರದಲ್ಲಿದೆಯೆನ್ನುವುದು ವ್ಯವಹಾರವಲ್ಲ, ಛಲ.

ಬಹುಶಃ ಹೀಗೆಯೇ ಯೋಚಿಸಿದ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದವರು 2024ರ ಸೆಪ್ಟೆಂಬರಿನಲ್ಲಿ ಒಂದು ಶಾಸನವನ್ನು ಮಾಡಿದರು. ಅದು 2025ರ ಜನವರಿ 1ರಿಂದ ಜಾರಿಗೆ ಬಂದಿತು. ಡಿಜಿಟಲ್ ವಸ್ತುವನ್ನು ಮಾರುವವರು, ತಾವು ಕೊಡುತ್ತಿರುವುದು ಲೈಸೆನ್ಸು ಮಾತ್ರವೆಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎಂಬಂಥ ಪದಗಳನ್ನು ಬಳಸಕೂಡದು. ಇಳಿಸಿಕೊಂಡ ಮೇಲೆ ಹಿಂದಕ್ಕೆ ಪಡೆಯಲಾಗದಂಥ ವಸ್ತುಗಳಿಗೆ ಮಾತ್ರ ಈ ನಿಬಂಧನೆಯಿಲ್ಲ. ಶಾಸನವು ಆಟಗಳನ್ನು ಉಳಿಸಲಿಲ್ಲ, ಸುಳ್ಳನ್ನು ಮಾತ್ರ ನಿಷೇಧಿಸಿತು. ಅದನ್ನು ಅಲ್ಪವೆನ್ನುವವರಿದ್ದಾರೆ. ಐರೋಪ್ಯರ ಬೇಡಿಕೆಯು ಇನ್ನೂ ಮುಂದಕ್ಕೆ ಹೋಗಿದೆ: ಮಾರಿದ ಆಟವನ್ನು ಆಡಲು ಬರುವ ಸ್ಥಿತಿಯಲ್ಲಿಯೇ ಬಿಟ್ಟುಹೋಗಬೇಕೆಂದು ಕೋರಿದ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದುವು. ಆಟದ ಸಾಮಾನಿಗಾಗಿ ಹತ್ತು ಲಕ್ಷ ಜನ ಬೇಡುವುದನ್ನು ನೋಡಿ ನಗುವವರು, ಅವರಲ್ಲಿ ಹಣವನ್ನು ಕೇಳಿದವರು ಎಷ್ಟು ಮಂದಿ, ಆಟವನ್ನು ಕೇಳಿದವರು ಎಷ್ಟು ಮಂದಿ ಎಂದು ವಿಚಾರಿಸಿದರೆ ಒಳ್ಳೆಯದು. ಗೂಗಲ್ ಸಂಸ್ಥೆಯವರು 2019ರಲ್ಲಿ ತೆರೆದ ಸ್ಟೇಡಿಯಾ ಎಂಬ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚಿದಾಗ ಆಟಗಳಿಗೂ ಯಂತ್ರಕ್ಕೂ ಕೊಟ್ಟ ಹಣವನ್ನು ಹಿಂದಿರುಗಿಸಿದರು. ಅದು ಗೌರವದ ನಡತೆಯೇ ಸರಿ. ಆದರೂ ಅರ್ಧ ಆಡಿದ ಕಥೆಯ ಕೊನೆಯು ಹಣದೊಡನೆ ಹಿಂದಕ್ಕೆ ಬರಲಿಲ್ಲ.

ವಿಜ್ಞಾನೇಶ್ವರನ ಗ್ರಂಥಕ್ಕೆ ಹಿಂದೂ ಗೃಹಗಳಲ್ಲಿ ಇಷ್ಟು ಪ್ರಾಮುಖ್ಯವು ಬಂದುದು ದಾಯದ ವಿಚಾರದಿಂದ. ಪಿತಾಮಹನ ಸ್ವತ್ತಿನಲ್ಲಿ ಮೊಮ್ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂಬುದು ಅದರ ಸಿದ್ಧಾಂತ. ಇಂದಿನ ಆಟಗಾರನು ಮುದುಕನಾಗುವ ಕಾಲವನ್ನು ಊಹಿಸಿದರೆ ಈ ವಿಚಾರವು ತಟ್ಟನೆ ಹತ್ತಿರಕ್ಕೆ ಬರುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿ ಮೊಮ್ಮಗನಿಗೆ ಚೌಕಾಬಾರದ ಕವಡೆಗಳು ಸಿಕ್ಕುತ್ತಿದ್ದುವು, ಅಜ್ಜಿಯ ಅಳಗುಳಿಮಣೆ ಸಿಕ್ಕುತ್ತಿದ್ದಿತು. ಯಾರೂ ಕಲಿಸದಿದ್ದರೂ ಗುಳಿಗಳು ಅಲ್ಲಿದ್ದುವು, ಬೆರಳುಗಳು ಕಲಿಯುತ್ತಿದ್ದುವು. ಸ್ಟೀಮ್ ಎಂಬ ದೊಡ್ಡ ಆಟದಂಗಡಿಯ ನಿಯಮಗಳ ಪ್ರಕಾರ ಖಾತೆಯನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ. ಇಪ್ಪತ್ತು ವರ್ಷ ಕೂಡಿಸಿದ ನೂರಾರು ಆಟಗಳ ಭಂಡಾರವು ಅದನ್ನು ಕೂಡಿಸಿದವನೊಡನೆ ತೀರಿತು. ಮೃತ್ಯುಪತ್ರದಲ್ಲಿ ಬರೆದರೂ ಬರೆದ ಹಾಗಲ್ಲ. ಮನೆ, ಹೊಲ, ಪಾತ್ರೆಗಳು ಹಂಚಿಹೋಗುವಾಗ ಇದೊಂದು ಯಾರ ಪಾಲಿಗೂ ಬಾರದು. ಏಕೆಂದರೆ ಸತ್ತವನ ಪಾಲಿಗೇ ಬಂದಿರಲಿಲ್ಲ.

ಮುದ್ರಿತ ಗ್ರಂಥಗಳನ್ನು ಉಳಿಸಲು ಪುಸ್ತಕಭಂಡಾರಗಳಿರುವಂತೆ ಆಟಗಳಿಗೂ ಇರಬಾರದೇ ಎಂದರೆ, ಪ್ರಯತ್ನಗಳು ನಡೆದಿವೆ. 2010ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಮಾರಾಟದಲ್ಲಿಯೇ ಇಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ನಿನವರು 2023ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಂಶೋಧಕರು ದೂರದಿಂದಲೇ ಅಂಥ ಆಟಗಳನ್ನು ಪರೀಕ್ಷಿಸಲು ಪುಸ್ತಕಭಂಡಾರಗಳಿಗೆ ಅನುಮತಿ ಬೇಕೆಂಬ ಬಿನ್ನಹವನ್ನು ಅಮೆರಿಕದ ಕೃತಿಸ್ವಾಮ್ಯದ ಕಚೇರಿಯು 2024ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಸಂಶೋಧನೆಯ ನೆವದಲ್ಲಿ ಜನರು ವಿನೋದಕ್ಕಾಗಿ ಆಡಿಯಾರೆಂಬುದು ಅಲ್ಲಿ ಹೂಡಲಾದ ಒಂದು ಆಕ್ಷೇಪಣೆಯಾಗಿದ್ದಿತು. ಪುಸ್ತಕವನ್ನು ಕೊಟ್ಟರೆ ಸಂತೋಷಕ್ಕಾಗಿ ಓದಿಯಾರೆಂದು ಹೆದರುವ ಗ್ರಂಥಪಾಲಕನನ್ನು ಯಾರೂ ಕಂಡಿರಲಾರರು.

'ದಿ ಕ್ರೂ' ಆಟದ ವಿಷಯದಲ್ಲಿ ಇಬ್ಬರು ಗ್ರಾಹಕರು ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ 2024ರ ನವೆಂಬರಿನಲ್ಲಿ ವ್ಯಾಜ್ಯವನ್ನು ಹೂಡಿದರು. ತಾವು ಆಟಕ್ಕೆ ಒಡೆಯರಾಗಿದ್ದೆವೆಂದು ಅವರ ವಾದ. ಅವರು ಪಡೆದುದು ಮಿತವಾದ ಲೈಸೆನ್ಸು ಮಾತ್ರವೆಂದು ಸಂಸ್ಥೆಯ ವಾದ. ಆ ಆಟವನ್ನು ಡಿಸ್ಕಿನ ರೂಪದಲ್ಲಿಯೂ ಮಾರಿದ್ದರು. ಅವು ಈಗಲೂ ಅನೇಕರ ಮನೆಗಳಲ್ಲಿವೆ. ಗೀರಿಲ್ಲ, ಕಲೆಯಿಲ್ಲ, ಪೆಟ್ಟಿಗೆಯ ಮೇಲೆ ಕಾರುಗಳ ಚಿತ್ರವು ಮಾಸಿಲ್ಲ. ಡಿಸ್ಕಿನ ಮೇಲೆ ಕೊಂಡವನಿಗಿರುವ ಸ್ವತ್ವವನ್ನು ಯೂಬಿಸಾಫ್ಟಿನ ವಕೀಲರೂ ಅಲ್ಲಗಳೆಯಲಾರರು. ಅವನು ಅದನ್ನು ಮಾರಬಹುದು, ಮಗಳಿಗೆ ಕೊಡಬಹುದು, ಮೃತ್ಯುಪತ್ರದಲ್ಲಿ ಬರೆದಿಡಬಹುದು. ಯಂತ್ರದೊಳಗೆ ಹಾಕಿದರೆ ಅದು ಮೊದಲಿನಂತೆಯೇ ಗರಗರ ತಿರುಗಿ, ಸರ್ವರನ್ನು ಹುಡುಕಿ, ಸಿಗಲಿಲ್ಲವೆಂದು ಹೇಳಿ ಸುಮ್ಮನಾಗುತ್ತದೆ.